ಮಖಾಮ್ ಕೂತ ಜಾಗಗಳು

ಮಖಾಮ್ ಮತ್ತೆ ಕೂತುಬಿಟ್ಟಿತು. ಫೋಂಗ್‌ಖಾಮಳ ಹೊಲಿಗೆ ಅಂಗಡಿಯ ಎದುರು, ನಡುರಸ್ತೆಯಲ್ಲಿ, ಹಿಂಗಾಲನ್ನು ಒಂದು ಪಕ್ಕಕ್ಕೆ ಚಾಚಿ, ಇನ್ನು ನನ್ನ ಕೈಲಾಗದಪ್ಪ ಎನ್ನುವವರ ಹಾಗೆ. ಹಿಂದಿನಿಂದ ಬಂದ ಸೋಯಾ ಹಾಲಿನ ಬೈಕಿನವನು ಹಾರ್ನ್ ಒತ್ತಲು ಹೋದವನು, ಅಂಗಡಿಯ ಕಂಬದ ಬಳಿ ಭಿಕ್ಷಾಪಾತ್ರೆ ಹಿಡಿದು ನಿಂತಿದ್ದ ಮುದಿ ಬೌದ್ಧ ಭಿಕ್ಷು, ತಾತ ಭಂತೆಯನ್ನು ಕಂಡು ಬೆರಳು ತೆಗೆದ. ಗಾಡಿ ನಿಲ್ಲಿಸಿ, ಕೈ ಮುಗಿದು, ಚರಂಡಿಯ ಅಂಚಿನಲ್ಲಿ ಸಾವಕಾಶವಾಗಿ ದಾಟಿಕೊಂಡು ಹೋದ.

"ಏಳೋ ಮಖಾಮ್. ಇನ್ನು ನಾಕೇ ಮನೆ ಕಣೋ," ಎಂದರು ತಾತ ಭಂತೆ.

ನಾಯಿ ಬಾಲ ಆಡಿಸಿತೇ ಹೊರತು ಏಳಲಿಲ್ಲ. ನಾಲ್ಕು ಮನೆ ಈಚೆ, ತನ್ನ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು ಮಂಡಿಯೂರಿ ಕೂತಿದ್ದ ಬುವಾಚುಮ್ ಇದನ್ನು ನೋಡುತ್ತಲೇ ಇದ್ದಳು. ಬಿದಿರ ಬುಟ್ಟಿಯಲ್ಲಿ ಅಂಟಕ್ಕಿ ಅನ್ನ ಆರುತ್ತಿತ್ತು. ಅಂಗಡಿಯ ಒಲೆಯ ಮೇಲೆ ಕಡ್ಡಿಗೆ ಚುಚ್ಚಿದ ಹಂದಿಮಾಂಸ ಒಂದೇ ಮಗ್ಗುಲು ಸುಡುತ್ತಿತ್ತು. ಸುಡಲಿ ಬಿಡು ಎಂದುಕೊಂಡಳು. ಅವಳು ಬೀದಿಯಿಂದ ಕಣ್ಣು ತೆಗೆಯುವಂತಿರಲಿಲ್ಲ. ಯಾಕೆಂದರೆ ಆ ತಾತ ಭಂತೆ ಅವಳ ಸ್ವಂತ ಅಣ್ಣ.

ಫ್ರೇ ಊರಿನ ಹಳೇ ಪೇಟೆಯಲ್ಲಿ ಅವಳಣ್ಣ ಇನ್‌ಖೇವ್ ಎಂದರೆ ಒಂದು ಕಾಲದಲ್ಲಿ ಅಂಚೆಯವನು. ಯಾರ ಮನೆಯ ಬಾಗಿಲು ಕಿರುಗುಟ್ಟುತ್ತದೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರಿಗೆ ಮಗನ ಕಾಗದ ಬಂದಿಲ್ಲ, ಎಲ್ಲ ಅವನ ಕಾಲಿಗೆ ಬಾಯಿಪಾಠ. ಸೈಕಲ್ ಕೊಟ್ಟರೂ ಅದನ್ನು ತಳ್ಳಿಕೊಂಡೇ ನಡೆಯುತ್ತಿದ್ದ. ನಿವೃತ್ತಿಯಾದ ಮಾರನೇ ತಿಂಗಳೇ ತಲೆ ಬೋಳಿಸಿ, ಬೀದಿ ತುದಿಯ ದಿಬ್ಬದ ಮೇಲಿನ ವಿಹಾರ ಸೇರಿ ಕಾಷಾಯ ಉಟ್ಟ. ಉಟ್ಟ ಮೇಲೆ ಮಾಡಿದ್ದೇನು? ಚೀಲದ ಬದಲು ಪಾತ್ರೆ ಹಿಡಿದು ಅದೇ ಬೀದಿಯಲ್ಲಿ ಅದೇ ಬಾಗಿಲುಗಳ ಮುಂದೆ ನಡೆದದ್ದು. ಆದರೆ ಅಂದಿನಿಂದ ತಂಗಿಗೆ ಅಣ್ಣ ಕೈಗೆ ಎಟುಕದವರಾದರು. ಹೆಂಗಸು ಭಿಕ್ಷುವನ್ನು ಮುಟ್ಟುವಂತಿಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುವಂತಿಲ್ಲ. ಬಗ್ಗಿ ನಮಸ್ಕರಿಸಬೇಕು, ಪಾತ್ರೆಗೆ ಅನ್ನ ಹಾಕಬೇಕು, ಆಶೀರ್ವಾದ ಕೇಳಿಸಿಕೊಂಡು ಏಳಬೇಕು. ದಿನಕ್ಕೆ ಒಂದು ಹಿಡಿ ಅನ್ನ ಹಾಕುವಷ್ಟು ಹೊತ್ತು ಮಾತ್ರ ಅವಳಿಗೆ ಅಣ್ಣ ಸಿಗುತ್ತಿದ್ದರು.

ಈಚೆಗೆ ಅವರ ಕಣ್ಣು ಮಂಜಾಗಿತ್ತು. ಅದಕ್ಕೇ ಮಖಾಮ್ ಮುಂದೆ ನಡೆಯುತ್ತಿತ್ತು. ಹುಣಸೆಹಣ್ಣಿನ ಬಣ್ಣದ ಬೀದಿನಾಯಿ. ಮಖಾಮ್ ಎಂದರೆ ಹುಣಸೆಯೇ. ಅದರ ಕೊರಳಿಗೆ ಹಳೇ ಕಾಷಾಯದ ಒಂದು ಚೂರು ಕಟ್ಟಿದ್ದರು. ಆ ಅರಿಶಿನ ಬಣ್ಣದ ಹಿಂದೆ ತಾತ ಭಂತೆ ನಡೆಯುವರು. ಅದು ನಿಂತಲ್ಲಿ ಬಾಗಿಲಿದೆ, ಬಾಗಿಲಲ್ಲಿ ಅನ್ನವಿದೆ ಎಂದು ಲೆಕ್ಕ. ಈಗ ಅದು ಬಾಗಿಲಿಲ್ಲದ ಕಡೆಯೂ ಕೂರಲು ಶುರು ಮಾಡಿತ್ತು.

ಅಂತೂ ಅದು ಎದ್ದು ಬಂತು. ಬುವಾಚುಮ್ ಅನ್ನದ ಉಂಡೆ ಪಾತ್ರೆಗೆ ಹಾಕಿದಳು.

"ಏನಂತೆ ಅಣ್ಣ ಭಂತೇ, ಇದಕ್ಕೆ?"

"ಕೀಲು ಸವೆದಿದೆ ಉಪಾಸಿಕಮ್ಮ, ವಯಸ್ಸಾಯ್ತಲ್ಲ ಪಾಪ. ಬೆಳಿಗ್ಗೆ ಎದ್ದಾಗ ನೋಡಬೇಕು, ನಾಕು ಹೆಜ್ಜೆ ಇಡೋ ತನಕ ಹಲ್ಲು ಕಚ್ಕೊಂಡಿರುತ್ತೆ. ಮೆಟ್ಟಿಲು ಹೆಂಗೋ ಹತ್ತಿಬಿಡುತ್ತೆ. ಇಳಿಯೋದೇ ಕಷ್ಟ."

ತಂಗಿಯನ್ನೂ ಅವರು ಈಗ ಬೇರೆ ಭಕ್ತೆಯರ ಹಾಗೆ ಉಪಾಸಿಕೆ ಎಂದೇ ಕರೆಯುತ್ತಿದ್ದರು. ಅಷ್ಟು ಹೇಳಿ ಆಶೀರ್ವಾದದ ಸಾಲುಗಳನ್ನು ಮುಗಿಸಿ ಅವರು ಹೋದರು. ಅದೇ ಸಂಜೆ ವಿಹಾರದ ಪ್ರಧಾನ ಭಿಕ್ಷು ಅವಳನ್ನು ಕರೆಸಿದರು. ವಯಸ್ಸಿನಲ್ಲಿ ಅವಳ ಮಗನಷ್ಟು; ಒಳ್ಳೆಯವರೇ, ಆದರೆ ಎಲ್ಲದಕ್ಕೂ ಭಯ ಜಾಸ್ತಿ.

"ನಾಯಿ ರಸ್ತೆ ಮಧ್ಯ ಕೂರುತ್ತೆ, ಇವರೂ ಅಲ್ಲೇ ನಿಲ್ತಾರೆ. ನಾಳೆ ಯಾವನಾದ್ರೂ ಬೈಕ್ ತಂದು ಗುದ್ದಿದ್ರೆ? ಈ ಮಳೆಗಾಲದ ವರ್ಷಾವಾಸ ಶುರುವಾದ ಮೇಲೆ ತಾತ ಭಂತೆ ಭಿಕ್ಷೆಗೆ ಹೋಗೋದು ಬೇಡ ಅಂತ ನನ್ನ ಯೋಚನೆ. ಊಟ ಇಲ್ಲೇ ಸಿಗುತ್ತಲ್ಲ ಅವರಿಗೆ."

"ನಾಯಿ ಸರಿ ಹೋದ್ರೆ ಭಂತೇ?"

"ಸರಿ ಹೋದ್ರೆ ಹೋಗಿ ಬರಲಿ. ನನಗೇನು ಅವರ ಮೇಲೆ ಹಗೇನೇ?"

ಬುವಾಚುಮ್ ನಮಸ್ಕರಿಸಿ ಹೊರಬಂದಳು. ನಡಿಗೆ ನಿಂತರೆ ಅಣ್ಣ ಒಂದು ಮಳೆಗಾಲ ಕಳೆಯುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಮನೆಗೆ ಹೋಗದೆ ನೇರ ಬಸ್ ನಿಲ್ದಾಣದ ಪಕ್ಕದ ಸಾಕುಪ್ರಾಣಿ ಅಂಗಡಿಗೆ ಹೋದಳು.

ಅಲ್ಲಿ ಒಂದು ಗೋಡೆಯ ತುಂಬ ಡಬ್ಬಿಗಳು. ಕೀಲಿಗೆ, ಬರೀ ಕೀಲಿಗೆ! ಕೋಳಿ ರುಚಿಯ ಮಾತ್ರೆ, ಸಮುದ್ರದ ಹಸಿರು ಚಿಪ್ಪಿನ ಪುಡಿ, ಮೀನೆಣ್ಣೆಯ ಗುಳಿಗೆ, ಅರಿಶಿನ ಬೆರೆಸಿದ ಬಿಸ್ಕತ್ತು. ಎಲ್ಲದರ ಮೇಲೂ ರೇಷ್ಮೆ ಕೂದಲಿನ ವಿದೇಶೀ ನಾಯಿಗಳು ಬೇಲಿ ಹಾರುತ್ತಿದ್ದವು. ಹಲ್ಲಿಗೆ ತಂತಿ ಹಾಕಿಸಿಕೊಂಡ ಅಂಗಡಿ ಹುಡುಗಿ ಒಂದೊಂದನ್ನೇ ಇಳಿಸಿ ತೋರಿಸಿದಳು.

"ಇದು ಸಣ್ಣ ಜಾತಿ ನಾಯಿಗೆ ಅತ್ತೆ. ಇದು ದೊಡ್ಡ ಜಾತಿಗೆ. ಇದು ಮುದಿ ನಾಯಿಗೆ."

"ವಿಹಾರದ ನಾಯಿಗೆ ಯಾವುದಮ್ಮ?"

ಹುಡುಗಿ ಗೋಡೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. "ಅದು... ಬರೆದಿಲ್ಲ ಅತ್ತೆ. ಇದು ತಗೊಳ್ಳಿ, ಭಾಳ ಹೋಗುತ್ತೆ. ನೋಡಿ, ಹೆಂಗೆ ಹಾರ್ತಿದೆ!"

"ನಮ್ಮದು ಬೇಲಿ ಹಾರೋದು ಬೇಡ ಕಣೆ. ಬೇಲಿ ತನಕ ಹೋದ್ರೆ ಸಾಕು."

ಕೊನೆಗೆ ಕೋಳಿ ರುಚಿಯ ಮಾತ್ರೆ ತಂದಳು. ಮಾರನೇ ಬೆಳಿಗ್ಗೆ ಅಣ್ಣನ ಪಾತ್ರೆಗೆ ಅನ್ನ, ನಾಯಿಯ ಬಾಯಿಗೆ ಮಾತ್ರೆ. ಮಖಾಮ್ ಅದನ್ನು ಚಪ್ಪರಿಸಿ ತಿಂದು ಇನ್ನೊಂದು ಕೇಳಿತು. ತಾತ ಭಂತೆ ನಕ್ಕು, ನಾಯಿಯ ನೋವು ಕಳೆಯುವುದೂ ದೊಡ್ಡ ಪುಣ್ಯವೇ ಎಂದರು.

ಅವರು ಆ ಮಾತು ಆಡಬಾರದಿತ್ತು. ಕೇಳಿಸಿಕೊಳ್ಳುವ ಕಿವಿ ಆ ಬೀದಿಯಲ್ಲಿ ಒಂದೆರಡಲ್ಲ. ಬುವಾಚುಮ್ ಒಬ್ಬಳೇ ದಿನಾ ಎರಡೆರಡು ಪುಣ್ಯ ಬಾಚಿಕೊಳ್ಳುವುದನ್ನು ನೋಡಿಕೊಂಡು ಮಿಕ್ಕವರು ಸುಮ್ಮನೆ ಕೂರುತ್ತಾರೆಯೇ? ಎರಡೇ ದಿನದಲ್ಲಿ ಫೋಂಗ್‌ಖಾಮ್ ಫೋನಿನಲ್ಲಿ ಯಾವಳೋ ಕಿರುಚಿ ಕಿರುಚಿ ಮಾರುವವಳ ಹತ್ತಿರ ಹಸಿರು ಚಿಪ್ಪಿನ ಪುಡಿ ತರಿಸಿದಳು. ನಿವೃತ್ತ ಮೇಷ್ಟ್ರು ಮೀನೆಣ್ಣೆ ತಂದರು. ಐಸ್ ಮಾರುವವನ ಹೆಂಡತಿ ಅರಿಶಿನದ ಬಿಸ್ಕತ್ತು ತಂದಳು; ಅದು ನಾಯಿಗೆ ಹಿಡಿಸದೆ, ಹಂದಿ ಕೊಬ್ಬಿನಲ್ಲಿ ಸುತ್ತಿ ಕೊಟ್ಟಳು. ಒಂದೊಂದು ಬಾಗಿಲಲ್ಲೂ ಮಖಾಮ್ ಬಾಯಿ ತೆರೆಯುವುದು, ಅವರು ಹಾಕುವುದು, ಕೈ ಮುಗಿಯುವುದು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿತ್ತು, ಅದಕ್ಕೇ ಕೊಟ್ಟರು.

ವಾರ ಕಳೆಯುವಷ್ಟರಲ್ಲಿ ಮಖಾಮ್‌ನ ಹೊಟ್ಟೆ ಕೆಟ್ಟು, ಪ್ರಾರ್ಥನಾ ಮಂದಿರದ ಆಗ ತಾನೇ ತೊಳೆದ ಅಂಗಳದಲ್ಲಿ ಆಗಬಾರದ್ದು ಆಯಿತು. ಪ್ರಧಾನ ಭಿಕ್ಷು ಬಂದು ನೋಡಿದರು. ಬಕೆಟ್ ಮಾತ್ರ ತೋರಿಸಿದರು.

ಬುವಾಚುಮ್ ಮತ್ತು ಫೋಂಗ್‌ಖಾಮ್ ಅಂಗಳ ತೊಳೆದರು, ಒಬ್ಬರನ್ನೊಬ್ಬರು ಬೈದುಕೊಂಡರು, ಆಮೇಲೆ ಮೂರು ಗಾಲಿಯ ಗಾಡಿಯಲ್ಲಿ ನಾಯಿಯನ್ನು ಹಾಕಿಕೊಂಡು ಪಶುವೈದ್ಯೆ ಪ್ರೇವಾಳ ಹತ್ತಿರ ಹೋದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಮಾತ್ರ ಅತ್ತೆಯದು. ಫೋಂಗ್‌ಖಾಮ್ ಬೀದಿಯವರ ಡಬ್ಬಿಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ ತಂದಿದ್ದಳು. ಡಾಕ್ಟರಮ್ಮ ಅವನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು.

"ಇಷ್ಟೂ ಒಂದೇ ನಾಯಿಗಾ?"

"ಬೇರೆ ಬೇರೆ ಮನೆಯವರು ಕೊಟ್ಟಿದ್ದು ಡಾಕ್ಟ್ರೇ," ಎಂದಳು ಫೋಂಗ್‌ಖಾಮ್.

"ಹೊಟ್ಟೆ ಒಂದೇ ಅಲ್ವಾ ಆಂಟಿ?" ಡಾಕ್ಟರಮ್ಮ ನಾಯಿಯ ಸೊಂಟ ಒತ್ತಿದಳು, ಕಾಲು ಮಡಿಸಿ ಬಿಡಿಸಿದಳು, ತಕ್ಕಡಿಯ ಮೇಲೆ ನಿಲ್ಲಿಸಿ ತಲೆ ಚಚ್ಚಿಕೊಂಡಳು. "ಸೊಂಟದ ಕೀಲು ಸ್ವಲ್ಪ ಸವೆದಿದೆ, ನಿಜ. ಆದ್ರೆ ಮೊದಲನೇ ಔಷಧಿ ಅನ್ನ ಕಮ್ಮಿ ಮಾಡೋದು. ಈ ಹೊಟ್ಟೆ ಹೊತ್ಕೊಂಡು ನಾನಾದ್ರೂ ರಸ್ತೇಲಿ ಕೂತ್ಕೋತಿದ್ದೆ. ಇವುಗಳಲ್ಲಿ ಒಂದನ್ನ ಇಟ್ಕೊಳ್ಳಿ, ಒಂದೇ. ಡಬ್ಬಿ ಮೇಲಿನ ನಾಯಿ ನೋಡಬೇಡಿ, ಹಿಂದೆ ತಿರುಗಿಸಿ ಒಳಗೇನಿದೆ ಓದಿ. ಈ ಮಾತ್ರೇಲಿ ಕೋಳಿ ವಾಸನೆ, ಸಕ್ಕರೆ, ಹಿಟ್ಟೇ ಜಾಸ್ತಿ. ಈ ಪುಡೀಲಿ ಚಿಪ್ಪು ಬಿಟ್ಟು ಬೇರೇನೂ ಇಲ್ಲ. ಇದೇ ಇರಲಿ."

ಫೋಂಗ್‌ಖಾಮಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಗೆದ್ದದ್ದು ಅವಳ ಪುಡಿ, ಸೋತದ್ದು ಬುವಾಚುಮ್‌ಳ ಮಾತ್ರೆ. "ನಾನು ಹೇಳಲಿಲ್ವಾ?" ಎಂದಳು. ಅವಳು ಹೇಳಿರಲಿಲ್ಲ.

"ಅದೂ ಮಂತ್ರ ಅಲ್ಲ ಆಂಟಿ, ಒಂದೂವರೆ ತಿಂಗಳಾದ್ರೂ ಕಾಯಬೇಕು. ಕೆಲವಕ್ಕೆ ಹಿಡಿಯುತ್ತೆ, ಕೆಲವಕ್ಕೆ ಇಲ್ಲ."

"ಮೆಟ್ಟಿಲು ಇಳಿಯೋವಾಗ ಭಾಳ ನೋಯುತ್ತಂತೆ ಡಾಕ್ಟ್ರೇ," ಎಂದು ಬುವಾಚುಮ್ ನೆನಪಿಸಿದಳು.

"ಇಳಿಯೋವಾಗ್ಲಾ?" ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದಳು. "ಇದಕ್ಕಿರೋದು ಸೊಂಟದ ತೊಂದರೆ. ಹತ್ತೋವಾಗ ನೋಯಬೇಕಿತ್ತು. ಇರಲಿ, ನಾಯಿ ಬಾಯಿ ಬಿಟ್ಟು ಹೇಳಲ್ವಲ್ಲ."

ಊರಿಗೆ ನಾಯಿ ತಿರುಗಿ ಬಂತು, ಜಗಳ ಶುರುವಾಯಿತು. ಮಖಾಮ್‌ಗೆ ಒಂದೇ ಪುಡಿ, ಅದೂ ಒಂದೇ ಚಮಚ, ಮಿಕ್ಕ ಬಾಗಿಲಲ್ಲಿ ಬರೀ ಕೈ ಎಂದರೆ ಯಾರು ಒಪ್ಪುತ್ತಾರೆ?

"ಅಂದ್ರೆ ಪುಣ್ಯವೆಲ್ಲ ಫೋಂಗ್‌ಖಾಮ್‌ಗೆ, ನಾವು ಬಾಯಿ ನೋಡ್ಕೊಂಡು ಕೂರಬೇಕಾ?" ಎಂದಳು ಐಸಿನವನ ಹೆಂಡತಿ.

"ನನ್ನ ಪುಡಿ ಅಲ್ವೇನೇ?" ಎಂದಳು ಫೋಂಗ್‌ಖಾಮ್, ಹೊಲಿಯುವ ಬಟ್ಟೆಯ ನೀಲಿ ಬಣ್ಣ ಹತ್ತಿದ ಬೆರಳು ಆಡಿಸುತ್ತ.

ಬುವಾಚುಮ್‌ಗೆ ಆಗ ಹೊಳೆಯಿತು. ವಿಹಾರಕ್ಕೆ ದೊಡ್ಡ ದಾನ ಕೊಡುವಾಗ ಏನು ಮಾಡುತ್ತಾರೆ? ಕೈ ಎಟುಕಿದವರು ತಟ್ಟೆ ಮುಟ್ಟುತ್ತಾರೆ, ಎಟುಕದವರು ಮುಂದಿನವರ ಹೆಗಲು ಮುಟ್ಟುತ್ತಾರೆ, ಅವರ ಹಿಂದಿನವರು ಅವರದು. ಹಾಗೆ ಪುಣ್ಯ ಎಲ್ಲರಿಗೂ ಹರಿಯುತ್ತದೆ. ಮಾರನೇ ಬೆಳಿಗ್ಗೆ ಅವಳ ಅಂಗಡಿಯ ಮುಂದೆ ಹಾಗೇ ಆಯಿತು. ಬೀದಿಯವರೆಲ್ಲ ಸೇರಿ ಕೊಂಡ ದೊಡ್ಡ ಡಬ್ಬಿಯನ್ನು ಫೋಂಗ್‌ಖಾಮ್ ಹಿಡಿದಳು, ಬುವಾಚುಮ್ ಅದಕ್ಕೆ ಕೈ ಹಚ್ಚಿದಳು, ಮೇಷ್ಟ್ರು ಅವಳ ಹೆಗಲಿಗೆ, ಐಸಿನವನ ಹೆಂಡತಿ ಮೇಷ್ಟ್ರ ಅಂಗಿಯ ಚುಂಗಿಗೆ. ಸೋಯಾ ಹಾಲಿನವನು ಬೈಕಿನ ಮೇಲಿಂದಲೇ ಬಗ್ಗಿ ಯಾರದೋ ಬೆನ್ನು ಮುಟ್ಟಿದ. ನಾಯಿಯ ಕೀಲಿನ ಪುಡಿಗೆ ತಾತ ಭಂತೆ ಪೂರ್ತಿ ಆಶೀರ್ವಾದ ಹೇಳಿದರು, ಒಂದು ಸಾಲೂ ಬಿಡದೆ. ಮಖಾಮ್ ಬಾಯಲ್ಲಿ ನೀರೂರಿಸಿಕೊಂಡು ಡಬ್ಬಿಯನ್ನೇ ನೋಡುತ್ತಿತ್ತು.

ಮಳೆ ಹಿಡಿಯಿತು. ಅನ್ನ ಕಮ್ಮಿಯಾಗಿ ಮಖಾಮ್ ಮೊದಮೊದಲು ಬೀದಿಯನ್ನೇ ಶಪಿಸುವ ಹಾಗೆ ಮುಖ ಮಾಡಿಕೊಂಡು ತಿರುಗಿತು. ಆಮೇಲೆ ಹೊಟ್ಟೆ ಇಳಿಯಿತು. ಪುಡಿಯಿಂದಲೋ, ಹೊಟ್ಟೆ ಕರಗಿದ್ದರಿಂದಲೋ, ಪ್ರತಿಯೊಬ್ಬರಿಗೂ ಅವರವರದೇ ಅಭಿಪ್ರಾಯ, ನಾಯಿಯಂತೂ ಹುಷಾರಾಯಿತು. ವರ್ಷಾವಾಸಕ್ಕೆ ವಾರವಿದೆ ಎನ್ನುವಾಗ ಅದು ವಿಹಾರದ ಮೆಟ್ಟಿಲಲ್ಲಿ ಬೆಕ್ಕೊಂದನ್ನು ಮೇಲಿನವರೆಗೂ ಅಟ್ಟಿಸಿಕೊಂಡು ಹೋದದ್ದನ್ನು ಪ್ರಧಾನ ಭಿಕ್ಷು ಕಣ್ಣಾರೆ ಕಂಡರು.

"ಆಯ್ತು, ತಾತ ಭಂತೆ ಹೋಗಿ ಬರಲಿ," ಎಂದುಬಿಟ್ಟರು.

ಬುವಾಚುಮ್‌ಗೆ ಆ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗಿರಾಕಿಗಳಿಗೆಲ್ಲ ಒಂದೊಂದು ಕಡ್ಡಿ ಮಾಂಸ ಹೆಚ್ಚಿಗೆ ಕೊಟ್ಟಳು.

ಮಾರನೇ ಬೆಳಿಗ್ಗೆ ಮಳೆ ಬಿಟ್ಟಿತ್ತು. ಮಖಾಮ್ ಓಡಿಕೊಂಡು ಎಲ್ಲರಿಗಿಂತ ಮುಂದೆ ಬಂದು ಅವಳ ಬುಟ್ಟಿ ಮೂಸಿತು. "ಅಯ್ಯೋ ಭಂಡ, ಅಣ್ಣ ಎಲ್ಲೋ?" ಎಂದು ಅವಳು ಗದರಿಸುತ್ತಿದ್ದಂತೆ ಅದು ಗಕ್ಕನೆ ತಿರುಗಿ ವಾಪಸು ಓಡಿತು. ಓಡಿಹೋಗಿ ಫೋಂಗ್‌ಖಾಮಳ ಅಂಗಡಿಯ ಎದುರು, ಅದೇ ಹಳೇ ಜಾಗದಲ್ಲಿ, ಹಿಂಗಾಲು ಚಾಚಿ ಕೂತಿತು.

ಬುವಾಚುಮ್‌ಗೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ ಮೇಲೂ ಹೀಗಾ? ಅವಳು ಎದ್ದು ನಿಂತು ನೋಡಿದಳು. ಆಗ ಕಂಡಿತು. ತಾತ ಭಂತೆ ನಿಧಾನವಾಗಿ ಬಂದು, ಅಂಗಡಿಯ ತೇಗದ ಕಂಬಕ್ಕೆ ಕೈ ಕೊಟ್ಟು, ಬಲಗಾಲನ್ನು ಮಂಡಿಯಲ್ಲಿ ಸ್ವಲ್ಪ ಮಡಿಸಿ ಎತ್ತಿ ಹಿಡಿದರು. ಕಣ್ಣು ಮುಚ್ಚಿದ್ದರು. ದವಡೆ ಬಿಗಿದಿತ್ತು. ಮಖಾಮ್ ಅವರ ಮುಖವನ್ನೇ ನೋಡುತ್ತಿತ್ತು. ಕಾಲು ನೆಲಕ್ಕೆ ಊರಿ, ಕಂಬದಿಂದ ಕೈ ತೆಗೆದ ಮೇಲೆಯೇ ಅದು ಎದ್ದಿತು.

"ಏಳೋ ಮಖಾಮ್. ಇನ್ನು ನಾಕೇ ಮನೆ ಕಣೋ," ಎಂದರು, ಎದ್ದು ನಿಂತಿದ್ದ ನಾಯಿಗೆ.

ನಾಕು ಹೆಜ್ಜೆ ಇಡೋ ತನಕ ಹಲ್ಲು ಕಚ್ಕೊಂಡಿರುತ್ತೆ. ಇಳಿಯೋದೇ ಕಷ್ಟ. ಅಣ್ಣ ಅಂದದ್ದು, ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದ್ದು, ಎರಡೂ ಅವಳಿಗೆ ಈಗ ಒಟ್ಟಿಗೆ ನೆನಪಾದವು. ಅವತ್ತು ಅವಳು ಪಾತ್ರೆಗೆ ಅನ್ನ ಹಾಕಿ, ತಲೆ ಎತ್ತದೆ ಆಶೀರ್ವಾದ ಕೇಳಿಸಿಕೊಂಡಳು. ಅಣ್ಣನ ಮೇಲೆ ಕೋಪ, ತನ್ನ ಮೇಲೆ ಕೋಪ. ರಕ್ತಸಂಬಂಧಿಗಳ ಹತ್ತಿರ ಔಷಧಿ ಕೇಳಲು ಭಿಕ್ಷುಗಳಿಗೆ ಅಡ್ಡಿಯಿಲ್ಲ. ಆದರೆ ಈ ಮನುಷ್ಯ ಕಾಷಾಯ ಉಟ್ಟ ಮೇಲೆ ಯಾರ ಹತ್ತಿರವೂ ಒಂದು ಹರಳು ಉಪ್ಪನ್ನೂ ಕೇಳಿದವರಲ್ಲ. ಕೇಳುವುದಿರಲಿ, ತನ್ನ ನೋವನ್ನು ಹೇಳಿಕೊಳ್ಳಲೂ ಅವರಿಗೊಂದು ನಾಯಿ ಬೇಕಾಯಿತು.

ಅವರು ದಾಟಿದ ಮೇಲೆ ಬುವಾಚುಮ್ ಫೋಂಗ್‌ಖಾಮಳ ಅಂಗಡಿಗೆ ನುಗ್ಗಿದಳು. ಎಲ್ಲ ಕೇಳಿ ಫೋಂಗ್‌ಖಾಮ್ ಹೊಲಿಗೆ ಯಂತ್ರದ ಚಕ್ರ ನಿಲ್ಲಿಸಿದಳು.

"ಥೂ ನನ್ನ ಕಣ್ಣಿಗಿಷ್ಟು! ದಿನಾ ನನ್ನ ಕಂಬ ಹಿಡ್ಕೊಂಡು ನಿಲ್ತಿದ್ರು ಕಣೆ. ನಾಯಿಗೆ ಕಾಯ್ತಿದ್ದಾರೆ ಅನ್ಕೊಂಡೆ." ಹೊಲಿಯುತ್ತಿದ್ದ ಬಟ್ಟೆಯ ದಾರ ಕಿತ್ತು ಕೇಳಿದಳು: "ಪ್ರಧಾನ ಭಿಕ್ಷುಗೆ ಹೇಳ್ತೀಯಾ?"

"ಹೇಳಿದ್ರೆ ನಾಳೆಯಿಂದಲೇ ಕೂರಿಸಿಬಿಡ್ತಾರೆ."

"ಹೇಳದಿದ್ರೆ ಮಂಡಿ ಹೋಗುತ್ತೆ."

ಇಬ್ಬರೂ ಬೀದಿಯನ್ನೇ ನೋಡುತ್ತ ಕೂತರು. ನಡಿಗೆ ನಿಲ್ಲಿಸುವಂತಿಲ್ಲ, ನೋವು ಬಿಡುವಂತಿಲ್ಲ. ನಾಯಿ ಅಷ್ಟು ದಿನ ಏನು ಮಾಡಿತ್ತು ಎಂದು ಬುವಾಚುಮ್ ಯೋಚಿಸಿದಳು. ಏನೂ ಮಾಡಿರಲಿಲ್ಲ. ಅವರು ನಿಲ್ಲುವ ಜಾಗದಲ್ಲಿ ಮೊದಲೇ ಹೋಗಿ ಕೂತಿತ್ತು, ಅಷ್ಟೇ.

"ನಿನ್ನ ಗಂಡನಿಗೆ ಬಿದಿರು ಕೆಲಸ ಇನ್ನೂ ಬರುತ್ತಾ?" ಎಂದು ಕೇಳಿದಳು.

ವರ್ಷಾವಾಸದ ಮೊದಲ ಬೆಳಿಗ್ಗೆ ಬೀದಿಯಲ್ಲಿ ಬಿದಿರಿನ ಹೊಸ ಬೆಂಚುಗಳಿದ್ದವು: ವಿಹಾರದ ಮೆಟ್ಟಿಲ ಬುಡದಲ್ಲೊಂದು, ಫೋಂಗ್‌ಖಾಮಳ ಕಂಬದ ಪಕ್ಕದಲ್ಲೊಂದು, ಬುವಾಚುಮ್‌ಳ ಅಂಗಡಿಯ ಮುಂದೊಂದು. ಮೊದಲೆರಡನ್ನು ತಾತ ಭಂತೆ ಗಮನಿಸದವರ ಹಾಗೆ ದಾಟಿ ಬಂದರು. ಮಂಜುಗಣ್ಣು, ಕಂಡಿರಲಿಕ್ಕಿಲ್ಲ ಎನ್ನಬಹುದು. ಮೂರನೆಯದರ ಮುಂದೆ ಬುವಾಚುಮ್ ಮಂಡಿಯೂರಿ ಕೂತಿದ್ದಳು, ದಾಟುವ ದಾರಿಯೇ ಇರಲಿಲ್ಲ.

"ಏನಿದು ಉಪಾಸಿಕಮ್ಮ?"

"ಬೆಂಚು, ಅಣ್ಣ ಭಂತೇ. ಮಖಾಮ್‌ಗೆ."

"ನಾಯಿಗೆ ಬೆಂಚಾ?"

"ಕೀಲು ನೋವಿರೋರು ನಿಂತೇ ಇರಬಾರದಂತೆ. ಆಗಾಗ ಕೂತು ಏಳಬೇಕಂತೆ. ಅದಕ್ಕೆ ಒಂಟಿಯಾಗಿ ಕೂರೋಕೆ ನಾಚಿಕೆ. ಜೊತೆಗೆ ಯಾರಾದ್ರೂ ಕೂತ್ರೆ ಕೂರುತ್ತೆ."

ತಾತ ಭಂತೆ ಪಾತ್ರೆಯ ಮುಚ್ಚಳ ತೆರೆದರು. ಅವಳು ಪಾತ್ರೆಗೆ ಅನ್ನ ಹಾಕಿದಳು. ಆಮೇಲೆ ಬುಟ್ಟಿಯಿಂದ ಒಂದು ಸಣ್ಣ ಸೀಸೆ ತೆಗೆದು, ಬಾಳೆಲೆಯ ಮೇಲಿಟ್ಟು, ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅವರು ತಮ್ಮ ಬಟ್ಟೆಯ ತುಂಡು ಚಾಚಿದರು. ಹೆಂಗಸಿನ ಕೈಯಿಂದ ಹಾಗೇ ತೆಗೆದುಕೊಳ್ಳುವುದು. ಸೀಸೆ ಅದರ ಮೇಲೆ ಕೂತಿತು.

"ಇದೂ ಮಖಾಮ್‌ಗಾ?"

"ಹೂಂ. ಗಿಡಮೂಲಿಕೆ ಎಣ್ಣೆ. ಮಲಗೋವಾಗ ಬಿಸಿ ಮಾಡಿ ಮಂಡಿಗೆ ತಿಕ್ಕಬೇಕು. ಬಲಗಡೆ ಮಂಡಿಗೆ ಜಾಸ್ತಿ."

"ಅದಕ್ಕೆ ನೋವಿದ್ದದ್ದು ಸೊಂಟದಲ್ಲಿ ಅಂದ್ರಲ್ಲ ಡಾಕ್ಟರು."

"ಈಗ ಮಂಡಿಗೆ ಇಳಿದಿದೆ ಅಣ್ಣ ಭಂತೇ."

ಅವರು ಅವಳತ್ತ ತಿರುಗಿ ನೋಡಿದರು. ಆ ಕಣ್ಣಿಗೆ ಅವಳು ಎಷ್ಟು ಕಂಡಳೋ. ಮೊದಲು ತುಟಿಯ ಅಂಚಿನಲ್ಲಿ ಸಣ್ಣಗೆ ಶುರುವಾದ ನಗು ಹೆಗಲಿಗೆ ಇಳಿದು, ಪಾತ್ರೆಯ ಮುಚ್ಚಳ ಕಟಕಟ ಎಂದಿತು. ಅಂಚೆಯ ಇನ್‌ಖೇವ್ ಹೀಗೇ ನಗುತ್ತಿದ್ದ, ತಂಗಿ ಬಚ್ಚಿಟ್ಟ ಮಾವಿನಕಾಯಿ ಕದ್ದು ಸಿಕ್ಕಿಬಿದ್ದಾಗ.

"ಹಾಗಾದ್ರೆ ಕೂರೋಣ ಬಾರೋ ಮಖಾಮ್," ಎಂದು ಅವರು ಬೆಂಚಿನ ಮೇಲೆ ಮೆಲ್ಲಗೆ ಕೂತು, ಬಲಗಾಲು ಚಾಚಿದರು.

ಮಖಾಮ್ ಬೆಂಚಿನ ಕಾಲುಗಳನ್ನು ಒಂದೊಂದಾಗಿ ಮೂಸಿತು. ಮೇಲೆ ಹತ್ತುವ ಯೋಚನೆಯನ್ನೇ ಮಾಡದೆ, ಅಡಿಗೆ ನುಸುಳಿ, ತಾತ ಭಂತೆಯ ಬರಿಗಾಲಿನ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿತು. ಅನ್ನ ಹಾಕಿ ಆಗಿತ್ತು, ಆಶೀರ್ವಾದವೂ ಮುಗಿದಿತ್ತು. ಅವರಿನ್ನೂ ಹೊರಟಿರಲಿಲ್ಲ. ಬುವಾಚುಮ್ ಮಂಡಿಯೂರಿ ಅಲ್ಲೇ ಕೂತಿದ್ದಳು. ಒಲೆಯ ಮೇಲೆ ಮಾಂಸ ಸೀಯುವ ವಾಸನೆ ಬರುತ್ತಿತ್ತು.